ಎದೆ ಕೊಟ್ಟವನು

ಜಪಾನಿನಲ್ಲಿ ಆರು ತಿಂಗಳು ಕಳೆದದ್ದಕ್ಕೆ ಚುಲುನ್ ತೆತ್ತ ಬೆಲೆ ಒಂದು ಮುಂಬಲ್ಲು, ಎಡಗಿವಿಯ ಆಕಾರ, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಪ್ರತಿಯಾಗಿ ಆ ದೇಶದ ಭಾಷೆಯಲ್ಲಿ ಅವನಿಗೆ ಸಿಕ್ಕದ್ದು ಮೂರು ಮಾತು. ಹೌದು. ಇನ್ನೊಮ್ಮೆ. ಉಪಕಾರವಾಯಿತು. ಹೊಡೆತ ತಿಂದ ಮೇಲೆ ಹೇಳಬೇಕಾದದ್ದು ಕೊನೆಯದು.

ಈಗಲೂ ಅದನ್ನೇ ಹೇಳಿದ. ಮಾತಿನ ಜೊತೆ ಮಣ್ಣೂ ರಕ್ತವೂ ಬಂದವು.

ಕುರೊಮಿನೆ ಕೂದಲು ಹಿಡಿದು ಅವನನ್ನು ಮೇಲೆತ್ತಿದ. ಆ ಸುಮೊ ಕುಸ್ತಿಮನೆಯಲ್ಲಿ ಎಲ್ಲರಿಗಿಂತ ಹಳಬ ಅವನು. ಗೋಡೆಯಂಥ ಮೈ, ಬಲಮೊಣಕಾಲಿಗೆ ಸದಾ ದಪ್ಪ ಪಟ್ಟಿ. ತನ್ನ ಎದೆ ತಟ್ಟಿಕೊಂಡು ಗುಡುಗಿದ. ನುಗ್ಗು ಎಂದರ್ಥ. ಚುಲುನ್ ನುಗ್ಗಿ ಆ ಎದೆಗೆ ಹಣೆಯಿಂದ ಗುದ್ದಿದ. ಕುರೊಮಿನೆ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಹಿಡಿದು ಅವನನ್ನು ನೆಲಕ್ಕೆ ಅಪ್ಪಳಿಸಿದ. ಬಿದಿರು ಕೋಲಿನಿಂದ ತೊಡೆಗೆ ಬಾರಿಸಿದ. ಏಳಲಾಗದೆ ಬಿದ್ದುಕೊಂಡಿದ್ದಾಗ ಒಂದು ಹಿಡಿ ಉಪ್ಪನ್ನು ಒಡೆದ ತುಟಿಗಳ ನಡುವೆ ತುರುಕಿದ.

“ಉಪಕಾರವಾಯಿತು,” ಎಂದ ಚುಲುನ್.

ಎತ್ತರದ ಜಗಲಿಯಲ್ಲಿ ಕುಳಿತಿದ್ದ ಕುಸ್ತಿಮನೆಯ ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಮಂಗೋಲಿಯಾದಿಂದ ಅವನ ಜೊತೆಗೇ ಬಂದಿದ್ದ ದಾಶ್ನ್ಯಾಮ್‌ನ ನಸೀಬೇ ಬೇರೆ. ಅವನ ಮೈಮೇಲೆ ಯಾರೂ ಕೈ ಮಾಡಿರಲಿಲ್ಲ. ನಗುನಗುತ್ತಾ ಮಾತಾಡಿಸುತ್ತಿದ್ದರು, ಬೇಗ ಊಟಕ್ಕೆ ಕಳಿಸುತ್ತಿದ್ದರು. ಒಂದು ದಿನ ಯಜಮಾನರು ಸರ್ನೈಯನ್ನು ಕರೆಸಿದರು. ಮಂಗೋಲಿಯಾದಿಂದ ಓದಲು ಬಂದಿದ್ದ ಹುಡುಗಿ. ದೊಡ್ಡ ಮಾತೇನಾದರೂ ಇದ್ದರೆ ದುಭಾಷಿಯಾಗಿ ಬರುವವಳು ಅವಳೇ. ಅವಳ ಬಾಯಲ್ಲಿ ಊರಿಗೆ ಹೋಗು ಎಂದು ಹೇಳಿಸಿ, ದಾಶ್ನ್ಯಾಮ್‌ನ ಕೈಗೆ ಉಡುಗೊರೆಯ ಪೊಟ್ಟಣವನ್ನೂ ಕೊಟ್ಟರು.

“ಒಂದು ಏಟೂ ತಿನ್ನದೆ ಹೊರಟೆಯಲ್ಲೋ. ಏನು ಮಾಟ ಮಾಡಿದೆ?” ಎಂದು ಕೇಳಿದ್ದ ಚುಲುನ್.

ದಾಶ್ನ್ಯಾಮ್ ಚೀಲದ ಬಾಯಿ ಕಟ್ಟುತ್ತಾ ನಕ್ಕಿದ್ದ. “ನನ್ನ ಮುಖ ನೋಡಿದ್ರೆ ಹೊಡೆಯೋಕೆ ಮನಸ್ಸು ಬರಲ್ಲ. ನಿನ್ನ ಮುಖ ನೋಡಿದ್ರೆ ನಂಗೇ ಕೈ ತುರಿಸುತ್ತೆ. ಬಾರೋ, ನೀನೂ ಹೊರಡು.”

“ಹೀಗೆ ಒದೆ ತಿಂದ ನಾಯಿ ಥರ ಅಪ್ಪನ ಮುಂದೆ ನಿಲ್ಲಲಾ? ಆ ಗೂಳಿನ ಮುರಿದೇ ಬರ್ತೀನಿ. ಆಮೇಲೆ ಜೈಲಿಗೆ ಹಾಕಿದ್ರೂ ಹಾಕಲಿ.”

ಅಂದಿನಿಂದ ಅವನ ಕಣ್ಣು ಕುರೊಮಿನೆಯ ಮೊಣಕಾಲ ಪಟ್ಟಿಯ ಮೇಲೇ ಇತ್ತು. ದಿನವೂ ಅವನ ಗುದ್ದುಗಳನ್ನು ಎದೆಯಲ್ಲಿ ತಡೆದ ಮೇಲೆ ಕುರೊಮಿನೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಮೆಟ್ಟಿಲನ್ನು ಒಂದೊಂದಾಗಿ, ಎಡಗಾಲನ್ನೇ ಮುಂದಿಟ್ಟು ಹತ್ತುತ್ತಿದ್ದ. ಚುಲುನ್ ಎಲ್ಲವನ್ನೂ ಗಮನಿಸಿದ. ಹುಲ್ಲುಗಾವಲಿನಲ್ಲಿ ಅಪ್ಪ ಕಲಿಸಿದ್ದ ಪಟ್ಟೊಂದು ನೆನಪಿಗೆ ಬಂತು. ಎದುರಾಳಿ ಭಾರ ಊರಿದ ಕಾಲನ್ನೇ ಹೊರಗಿನಿಂದ ಕೊಕ್ಕೆ ಹಾಕಿ, ಮೈಯೆಲ್ಲ ಹೇರಿ ಉರುಳಿಸುವ ಪಟ್ಟು.

ವಾರ ಕಳೆದು ಒಂದು ಬೆಳಿಗ್ಗೆ ಕುರೊಮಿನೆ ಎಂದಿನಂತೆ ಎದೆ ತಟ್ಟಿಕೊಂಡ. ಚುಲುನ್ ನುಗ್ಗಿದ. ಈ ಸಲ ಹಣೆ ಕೊಡಲಿಲ್ಲ; ಸೊಂಟದ ಪಟ್ಟಿಗೆ ಎರಡೂ ಕೈ ಹಾಕಿ, ಬಲಗಾಲಿಗೆ ಕೊಕ್ಕೆ ಬಿಗಿದು, ಆರು ತಿಂಗಳ ಸಿಟ್ಟನ್ನೆಲ್ಲ ಅದರ ಮೇಲೆ ಹೇರಿದ.

ಹಸಿ ಕೊಂಬೆ ಸೀಳಿದಂಥ ಸದ್ದಾಯಿತು. ಕುರೊಮಿನೆ ಅಂಗಾತ ಬಿದ್ದ. ಮೊಣಕಾಲಿನಿಂದ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

ಯಜಮಾನರ ಪತ್ರಿಕೆ ಕೆಳಗೆ ಬಿತ್ತು. ಚುಲುನ್ ಮುಷ್ಟಿ ಬಿಗಿದು ಗೋಡೆಗೆ ಬೆನ್ನು ಕೊಟ್ಟು ನಿಂತ. ಯಾರೂ ಮೈಮೇಲೆ ಬರಲಿಲ್ಲ. ಕುರೊಮಿನೆಯನ್ನು ಹಲಗೆಯ ಮೇಲೆ ಹೊತ್ತೊಯ್ದರು. ದಾಟಿ ಹೋಗುವಾಗ ಅವನು ಚುಲುನ್‌ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಕಣ್ಣೀರು ಸುರಿಸುತ್ತಾ ಏನೇನೋ ಹೇಳಿದ. ಶಾಪವೇ ಇರಬೇಕು ಎಂದುಕೊಂಡ ಚುಲುನ್.

ಅವನನ್ನು ಅಡುಗೆಮನೆಯಲ್ಲಿ ಕೂರಿಸಿದರು. ಬಾಗಿಲಲ್ಲಿ ಇಬ್ಬರು ಪೈಲ್ವಾನರು ನಿಂತರು. ಯಜಮಾನರ ಹೆಂಡತಿ ತಲೆ ತಗ್ಗಿಸಿ ದೊಡ್ಡದೊಂದು ಮೀನಿನ ಹೊಟ್ಟೆ ಸೀಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸರ್ನೈ ಬಂದಳು.

“ಪೊಲೀಸರು ಯಾವಾಗ ಬರ್ತಾರೆ ಅಕ್ಕ?”

“ಯಾವ ಪೊಲೀಸರೋ? ನಿಂಗೆ ಹಬ್ಬದಡುಗೆ ಮಾಡ್ತಿದ್ದಾರೆ. ಆ ಇಬ್ಬರು ನಿನ್ನ ಪಕ್ಕ ಕೂತು ಉಣ್ಣೋಕೆ ಕಾಯ್ತಿದ್ದಾರೆ.”

“ನಾನು ಅವನ ಕಾಲು ಮುರಿದೆ!”

“ಅವನನ್ನ ಕೆಡವಿದೆ. ಎದೆ ಕೊಟ್ಟು ಬೆಳೆಸಿದವನನ್ನ ಕಣದಲ್ಲಿ ಕೆಡವಿದ್ರೆ, ಋಣ ತೀರಿಸಿದ ಅಂತಾರೆ ಇವರು. ಅದಕ್ಕಿಂತ ದೊಡ್ಡ ಮರ್ಯಾದೆ ಇವರಲ್ಲಿ ಇನ್ನೊಂದಿಲ್ಲ. ಆಸ್ಪತ್ರೆಯಲ್ಲಿ ಕಂಡಕಂಡವರಿಗೆಲ್ಲ ಹೇಳ್ಕೊಂಡು ಅಳ್ತಿದ್ದಾನೆ, ನನ್ನ ಹುಡುಗ ನನ್ನನ್ನ ಕೆಡವಿದ ಅಂತ.”

“ಯಾರ ಹುಡುಗ? ನನ್ನನ್ನ ಹೊಡೆದು ಓಡಿಸಬೇಕು ಅಂತಿದ್ದ ಅವನು!”

“ಬೇಡ ಅನ್ನಿಸಿದವರನ್ನ ಈ ಮನೇಲಿ ಯಾರು ಹೊಡೀತಾರೆ? ನಗ್ತಾ ಕಳಿಸಿಬಿಡ್ತಾರೆ.” ಸರ್ನೈ ದನಿ ತಗ್ಗಿಸಿದಳು. “ದಾಶ್ನ್ಯಾಮ್ ಹೊರಟ ದಿನ ಯಜಮಾನ್ರು ನಿಮ್ಮಿಬ್ಬರನ್ನೂ ಕಳಿಸೋಕೆ ಹೊರಟಿದ್ರು. ಕುರೊಮಿನೆ ಆ ನೋವಿನ ಮಂಡಿನೇ ಊರಿ ಬೇಡ್ಕೊಂಡ. ಇದೊಂದನ್ನ ನಂಗೆ ಬಿಡಿ, ನಾನು ತಯಾರು ಮಾಡ್ತೀನಿ ಅಂದ. ಕಾಲಿನ ಆಪರೇಶನ್ನೂ ಮುಂದಕ್ಕೆ ಹಾಕ್ದ. ನಿಂಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ದ.”

ಚುಲುನ್ ಕುರೊಮಿನೆ ಹಿಡಿದಿದ್ದ ಮಣಿಕಟ್ಟನ್ನು ನೋಡಿಕೊಂಡ.

“ಒಂದು ವಿಷಯ ಕೇಳ್ಕೊಂಡು ಬಾ ಅಂದಿದ್ದಾನೆ. ಆ ಪಟ್ಟು ಯೋಚನೆ ಮಾಡಿ ಹಾಕಿದ್ದೋ, ಹಾಗೇ ಬಿತ್ತೋ?”

“ವಾರದಿಂದ ಯೋಚನೆ ಮಾಡಿದ್ದೆ. ಕಾಲು ಮುರೀಲಿ ಅಂತಲೇ ಹಾಕಿದೆ.”

ಸರ್ನೈ ಅವನ ಮುಖವನ್ನೇ ನೋಡಿದಳು. “ಅರ್ಧ ಮಾತ್ರ ಹೇಳ್ತೀನಿ. ಉಳಿದದ್ದು ಜಪಾನಿ ಭಾಷೇಲಿ ನನ್ನ ಬಾಯಿಗೆ ಬರಲ್ಲ, ತಮ್ಮ.”

ಆ ದೇಶದಲ್ಲಿ ಚುಲುನ್‌ಗಿದ್ದ ಒಬ್ಬನೇ ಆಪ್ತ ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ.