ಮಂಜಿನೊಳಗಿನ ಉಸಿರು

ಕೊನೆಯ ರೈಡಿಗೆ ರೂಪಶ್ರೀ ಎದ್ದು ನಿಂತಾಗ ಕಳಸದ ಮೈದಾನಕ್ಕೆ ಮಂಜು ಇಳಿಯತೊಡಗಿತ್ತು. ದಸರಾ ಕ್ರೀಡಾಕೂಟದ ಹೆಂಗಸರ ಕಬಡ್ಡಿ ಫೈನಲ್. ಗೋಣಿಬೀಡಿನ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹುಡುಗಿಯರ ತಂಡ ಕಳಸದ ತಂಡಕ್ಕಿಂತ ಒಂದು ಪಾಯಿಂಟ್ ಹಿಂದಿತ್ತು. ರೂಪಶ್ರೀಯ ಎಡಗಾಲು ಆಗಲೇ ಉಳುಕಿ ಊದಿಕೊಂಡಿತ್ತು.

"ಬೇಡ ಕಣೆ, ನಾನು ಹೋಗ್ತೀನಿ," ಎಂದಳು ಜೊತೆಯ ಪವಿತ್ರಾ.

"ಅವಳೇ ಹೋಗ್ಲಿ," ಎಂದರು ಸುರೇಂದ್ರ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾದ ಅವರೇ ತಂಡದ ಕೋಚ್. ಕಬಡ್ಡಿ ಆಡಿದ್ದಕ್ಕಿಂತ ಬಾಡಿಗೆ ಕ್ಯಾಸೆಟ್ಟು ತಂದು ಆಟದ ಸಿನಿಮಾ ನೋಡಿದ್ದೇ ಹೆಚ್ಚು. "ಯಾವ ಸಿನಿಮಾ ಬೇಕಾದ್ರೂ ನೋಡು. ಮೊದಲು ಸೋಲ್ತಾರೆ, ಬೈಸ್ಕೊಳ್ತಾರೆ, ಕಾಲು ಮುರ್ಕೊಳ್ತಾರೆ. ಕೊನೇಲಿ ಆ ಕುಂಟೋಳೇ ಗೆಲ್ಸೋದು. ಹೋಗು."

ರೂಪಶ್ರೀಗೆ ನಗು ಬಂತು. ನಗು ಆರುವ ಮೊದಲೇ ಗೆರೆ ದಾಟಿದ್ದಳು.

ಆಚೆ ಎಲ್ಲ ಬೆಳ್ಳಗಿತ್ತು. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ನೋವು ಕೂಡ ಬೇರೆ ಯಾರದೋ ಕಾಲಿನದು ಅನಿಸಿತು. ಎಲ್ಲೋ ದೂರದಲ್ಲಿ ಜನ ಅವಳ ಜೊತೆಗೇ "ಕಬಡ್ಡಿ, ಕಬಡ್ಡಿ" ಎನ್ನುತ್ತಿದ್ದರು. ಎದುರಾಳಿಗಳು ನೀರಿನೊಳಗಿನ ನೆರಳುಗಳ ಹಾಗೆ ತೇಲಿಬಂದರು. ಒಬ್ಬಳ ಭುಜ ಮುಟ್ಟಿದಳು, ಇನ್ನೊಬ್ಬಳ ಮೊಣಕೈ. ತಿರುಗುವಾಗ ಕಾಲು ಮಡಚಿತು. ಬಾಯಿ ನಿಂತುಹೋಯಿತು, ಉಸಿರು ಒಳಗೆ ಹೋಯಿತು. ಜನರ ಕಬಡ್ಡಿ ಮಾತ್ರ ನಿಲ್ಲಲಿಲ್ಲ. ಕಳಸದ ನಾಯಕಿ ಸೌಂದರ್ಯ ಕೈಗೆಟಕುವಷ್ಟು ಹತ್ತಿರದಲ್ಲಿದ್ದಳು. ಹಿಡಿಯಲು ಕೈ ಚಾಚಿದವಳು ಹಾಗೇ ನೋಡುತ್ತ ನಿಂತಳು. ರೂಪಶ್ರೀ ಮತ್ತೆ ಬಾಯಿ ತೆರೆದು, ಕುಂಟುತ್ತ ಬಂದು ಗೆರೆಯ ಮೇಲೆ ಬಿದ್ದಳು.

ಅಂಪೈರ್ ಏಕಾಂತಪ್ಪ ಮೇಷ್ಟ್ರು ಸೀಟಿ ಊದಿ ಎರಡು ಬೆರಳೆತ್ತಿದರು. ಹುಡುಗಿಯರು ಅವಳನ್ನು ಹೆಗಲಿಗೇರಿಸಿಕೊಂಡರು. ಕೆಳಗೆ ಮಂಜಿನ ಮೇಲೆ ಬರೀ ತಲೆಗಳು ತೇಲುತ್ತಿದ್ದವು. ಇಷ್ಟು ಹಗುರಾಗಿ ಅವಳು ಎಂದೂ ಇರಲಿಲ್ಲ. ಹೀಗೇ ಊರಿನತನಕ ಹೋಗಿಬಿಡಬಹುದು ಅನಿಸಿತು.

"ನಾನು ಹೇಳಿರ್ಲಿಲ್ವಾ? ಸಿನಿಮಾ ಇಲ್ಲಿಗೇ ಮುಗಿಯೋದು," ಎಂದು ಸುರೇಂದ್ರ ಕಣ್ಣೊರೆಸಿಕೊಂಡರು.

"ಇಳಿಸಿ," ಎಂದಳು ರೂಪಶ್ರೀ. ಯಾರಿಗೂ ಕೇಳಿಸಲಿಲ್ಲ. ಪವಿತ್ರಾಳ ತಲೆ ತಟ್ಟಿ ಮತ್ತೊಮ್ಮೆ ಹೇಳಬೇಕಾಯಿತು. ಇಳಿದವಳೇ ಮೇಷ್ಟ್ರ ಹತ್ತಿರ ಹೋದಳು.

"ಸಾರ್, ನಡುವೆ ನನ್ನ ಉಸಿರು ಕಡೀತು."

"ನಂಗೆ ಕೇಳಿಸ್ಲಿಲ್ವಲ್ಲಮ್ಮ."

"ನಂಗೆ ಕೇಳಿಸ್ತು ಸಾರ್."

ಏಕಾಂತಪ್ಪ ಮತ್ತೊಮ್ಮೆ ಸೀಟಿ ಊದಿದರು. ಆಮೇಲೆ ಗೆಲುವು ಕಳಸದವರದೆಂದು ಅವರ ಕಡೆ ಕೈ ತೋರಿಸಿದರು.

ಹೊರಡಲು ಎಲ್ಲರೂ ಜೀಪು ಹತ್ತಿದರು. ಸುರೇಂದ್ರ ಮುಂದಿನ ಸೀಟಿನಲ್ಲಿ ಕೂತು ಗಾಜಿನ ಮೇಲಿನ ತೇವವನ್ನು ಒರೆಸಿದ್ದೇ ಒರೆಸಿದ್ದು. ಪವಿತ್ರಾ ಸಿಟ್ಟಿನಿಂದ ಮುಖ ತಿರುಗಿಸಿದ್ದಳು. ಆದರೂ ರೂಪಶ್ರೀಯ ಊದಿದ ಕಾಲನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಮಂಜಿನೊಳಗಿಂದ ಸೌಂದರ್ಯ ಬಂದು ಜೀಪಿನ ಹಿಂಬದಿಯ ಕಂಬಿ ಹಿಡಿದು ನಿಂತಳು.

"ನಂಗೂ ಕೇಳಿಸಿತ್ತು," ಎಂದಳು.

"ಮತ್ತೆ ಯಾಕೆ ಹೇಳ್ಲಿಲ್ಲ?" ಎಂದಳು ರೂಪಶ್ರೀ.

ಸೌಂದರ್ಯ ಒಮ್ಮೆ ಹಿಂದೆ ತಿರುಗಿ ನೋಡಿದಳು. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ ಮೇಲೆ, ತನ್ನ ತಂಡದವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದಳು:

"ನೀನು ಹಾಗೆ ಕುಂಟ್ಕೊಂಡು ಹೋಗೋವಾಗ, ನೀನೇ ಗೆಲ್ಲಲಿ ಅಂತ ನಂಗೂ ಅನಿಸಿಬಿಡ್ತು ಮಾರಾಯ್ತಿ."