ಇಪ್ಪತ್ತೇಳನೆಯ ಸ್ಕ್ಯಾನ್

ಹಲವು ಊರುಗಳ ಸಂಶೋಧಕರು ಆರೋಗ್ಯವಂತರ ಮಿದುಳಿನ ಸ್ಕ್ಯಾನ್‌ಗಳನ್ನು ಹಂಚಿಕೊಳ್ಳುವ ಜಾಲತಾಣವದು. ಮೈಸೂರಿನಲ್ಲಿ ಕುಳಿತು ಅವನ್ನು ನೋಡುತ್ತಿದ್ದ ಡಾಕ್ಟರ್ ವಾಗ್ದೇವಿ ಇಪ್ಪತ್ತೇಳನೆಯದರಲ್ಲಿ ಗಡ್ಡೆಯೊಂದನ್ನು ಕಂಡು ಬೆಚ್ಚಿದರು. ಅದನ್ನು ಕಳಿಸಿದ್ದ ಧಾರವಾಡದ ರುದ್ರಗೌಡರಿಗೆ ಕೂಡಲೇ ಫೋನ್ ಮಾಡಿದರು.

“ಇದು ಯಾರದು? ಅವರಿಗೆ ಇವತ್ತೇ ತಿಳಿಸಬೇಕು.”

“ಹೆಸರು ಹೇಳಂಗಿಲ್ರಿ ಮೇಡಂ. ಗುಟ್ಟಾಗಿ ಇಡ್ತೀವಂತ ಮಾತು ಕೊಟ್ಟೇವಿ.”

“ನನಗೆ ಹೇಳಬೇಡಿ. ನೀವೇ ಪಟ್ಟಿ ನೋಡಿ, ನೀವೇ ತಿಳಿಸಿ. ತಡಮಾಡಿದರೆ ಜೀವಕ್ಕೇ ಅಪಾಯ.”

ಬೀರು ತೆರೆದ ಸದ್ದು, ಹಾಳೆ ಮಗುಚಿದ ಸದ್ದು ಕೇಳಿಸಿತು.

“ಹೆಸರು ಸಿಕ್ಕಿತಾ? ಅವರು ಊರಲ್ಲಿದ್ದಾರಾ?”

“ಸ್ಕ್ಯಾನಿಗೆ ಅವತ್ತ ಒಬ್ರು ಕಡಿಮಿ ಬಿದ್ದಿದ್ರು ಮೇಡಂ. ಮಶೀನಿನ್ಯಾಗ ನಾನ ಮಲಕ್ಕೊಂಡಿದ್ದೆರಿ.”