ಅಭಯದ ಕೈ

ಉತ್ಪಲಾಳ ಮನೆಯಲ್ಲಿ ಯಾರಾದರೂ ಹೆದರಿದರೆ ಗೋಡೆಯ ಗೂಡಿನಲ್ಲಿದ್ದ ಕಂಚಿನ ಬುದ್ಧನ ಬಲಗೈ ತಾನಾಗಿ ಮೇಲೆದ್ದು ಅಭಯಮುದ್ರೆ ತೋರುವುದು ಆ ಓಣಿಯವರಿಗೆಲ್ಲ ರೂಢಿಯಾಗಿತ್ತು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಚಂದಮ್ಮ ಗೂಡಿನತ್ತ ನೋಡಿದಳು.

“ಯಾಕ ಉತ್ಪಲಾ, ನಿಮ್ಮ ಬುದ್ಧ ಕೈ ಎತ್ಯಾನಲ್ಲ? ಯಾರಿಗವ್ವಾ ಅಂಜಿಕಿ?”

“ಖೇಮಾ ಹಲ್ಲಿ ನೋಡ್ಯಾಳ್ರಿ, ಚಂದಕ್ಕ,” ಎಂದು ಉತ್ಪಲಾ ನಕ್ಕಳು. ಹಾಲು ಚೆಲ್ಲಿದ್ದಕ್ಕೆ ಮಗಳಿಗೆ ತಾನೇ ಸವಟಿನಿಂದ ಹೊಡೆದದ್ದನ್ನು ಹೇಳಲು ಬಾಯಿ ಬರಲಿಲ್ಲ.

“ಮೊನ್ನಿ ಹಲ್ಲಿ ಬಾಲ ಹಿಡಕೊಂಡು ನಮ್ಮನಿಗೆ ಬಂದಿದ್ಲಲ್ಲ ಆಕಿ,” ಎಂದು ಚಂದಮ್ಮ ಹೊರಟಳು.

ಉತ್ಪಲಾಳ ಮುಖ ಸುಟ್ಟಂತಾಯಿತು. ಒಳಗೆ ಹೋಗಿ ಮಗಳಿಗೆಂದು ಬೆಲ್ಲ ತರುವಷ್ಟರಲ್ಲಿ ಬುದ್ಧನ ಕೈ ಇಳಿದಿತ್ತು. ಗೂಡಿನ ಕೆಳಗೆ ಕೂತಿದ್ದ ಖೇಮಾಳಿಗೆ ತಾಯಿಯ ಹೆಜ್ಜೆ ಕೇಳಿದೊಡನೆ ಆ ಕೈ ಮತ್ತೆ ಎದ್ದಿತು.

ಉತ್ಪಲಾ ಹೊಸ್ತಿಲಲ್ಲೇ ಕೂತಳು. ಎರಡೂ ಕೈಗಳನ್ನು ಮಗಳಿಗೆ ಕಾಣುವಂತೆ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಕಾದಳು.